ಗಾಜಿಗಿಂತ ಮೊದಲು ಗಾಳಿ

ಅಕ್ಟೋಬರ್ ಬಂತೆಂದರೆ ಷಿಕಾಗೊ ಸುತ್ತಮುತ್ತಲಿನ ಮನೆಗಳ ಅಂಚೆಪೆಟ್ಟಿಗೆಗಳಿಗೆ ಕಿಟಕಿ ಕಂಪನಿಗಳ ಬಣ್ಣಬಣ್ಣದ ಕರಪತ್ರಗಳು ಬಂದು ಬೀಳತೊಡಗುತ್ತವೆ. ಹಳೆಯ ಕಿಟಕಿ ಕಿತ್ತುಹಾಕಿಸಿ, ಹೊಸದಾಗಿ ಜೋಡಿ ಗಾಜಿನದನ್ನು ಕೂರಿಸಿಕೊಳ್ಳಿ, ಚಳಿಯ ಕಾಟವೂ ತಪ್ಪುತ್ತದೆ, ಗ್ಯಾಸ್ ಬಿಲ್ಲೂ ಇಳಿಯುತ್ತದೆ ಎನ್ನುವುದು ಅವೆಲ್ಲವುಗಳ ಒಟ್ಟು ಸಾರ. ಅಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಈ ಮಾತು ಬೇಗ ನಾಟುವುದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಸೀಮೆಯಲ್ಲಿ ಕಿಟಕಿ ಇಡುವುದೇ ಗಾಳಿಯಾಡಲಿ ಎಂದು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿ 13ರಂದು. ಷಿಕಾಗೊದಲ್ಲಿ 2019ರ ಜನವರಿ 30ರಂದು ಪಾದರಸ ಮೈನಸ್ 31ರ ಹತ್ತಿರಕ್ಕೆ ಇಳಿದಿತ್ತು. ಇಂಥ ಚಳಿಗೆ ಕಿಟಕಿಯನ್ನು ಸಜ್ಜು ಮಾಡುವ ಕೆಲಸ ನಮಗೆ ಅಪ್ಪ ಅಜ್ಜಂದಿರಿಂದ ಬಂದ ವಿದ್ಯೆಯಲ್ಲ. ಹಾಗಾಗಿ ಮಾರುವವನು ಹೇಳಿದ್ದೇ ವೇದವಾಗುತ್ತದೆ. ಮಾರುವವನು ಹೇಳುವ ಕ್ರಮ ತಲೆಕೆಳಗಾಗಿದೆ ಎನ್ನುವುದು ನನ್ನ ವಾದ. ಮೊದಲು ನುಗ್ಗುವ ಗಾಳಿಯನ್ನು ತಡೆಯಬೇಕು, ಆಮೇಲೆ ಗಾಜಿನ ಮುಂದೆ ಒಂದು ಪದರ ಗಾಳಿಯನ್ನು ಅಲುಗಾಡದಂತೆ ಹಿಡಿದಿಡಬೇಕು. ಕಿಟಕಿ ಬದಲಿಸುವ ಮಾತು ಇವೆರಡೂ ಮುಗಿದ ಮೇಲೆ, ಅದೂ ಬೇಕಿದ್ದರೆ.

ಗಾಜಿನಿಂದಲೇ ಶುರು ಮಾಡೋಣ, ಏಕೆಂದರೆ ತಪ್ಪು ತಿಳಿವಳಿಕೆ ಇರುವುದೂ ಅಲ್ಲೇ. ಒಂಟಿ ಗಾಜಿನ ಹಳೆಯ ಕಿಟಕಿಯಲ್ಲಿ ಒಳಗಿನ ಶಾಖ ಹೊರಹೋಗದಂತೆ ತಡೆಯುತ್ತಿರುವುದು ಯಾವುದು? ಗಾಜು ಎಂದು ಯಾರಾದರೂ ಹೇಳುತ್ತಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ಕಟ್ಟಡ ವಿಜ್ಞಾನದ ಮಾಪನದಲ್ಲಿ ಇಂಥ ಕಿಟಕಿಯ ಒಟ್ಟು ಶಾಖತಡೆ ಸುಮಾರು 0.174. ಇದರಲ್ಲಿ 4 ಮಿಲಿಮೀಟರ್ ದಪ್ಪದ ಗಾಜಿನ ಪಾಲು ಬರೀ 0.004. ಉಳಿದದ್ದೆಲ್ಲ ಗಾಜಿನ ಎರಡೂ ಮೈಗೆ ಅಂಟಿಕೊಂಡು ನಿಂತಿರುವ ತೆಳ್ಳನೆಯ ಗಾಳಿಯ ಪೊರೆಗಳದ್ದು: ಒಳಮೈಯದು 0.13, ಹೊರಮೈಯದು 0.04. ಎಂದರೆ ತಡೆಯ ನೂರಕ್ಕೆ ತೊಂಬತ್ತೇಳು ಪಾಲು ಗಾಳಿಯದು. ಗಾಜು ಮಾಡುತ್ತಿರುವುದು ಒಳಗಿನ ಗಾಳಿ ಹೊರಗಿನದರೊಡನೆ ಬೆರೆಯದಂತೆ ನಡುವೆ ನಿಲ್ಲುವ ಕೆಲಸವನ್ನಷ್ಟೆ. ಗಾಜಿನ ದಪ್ಪವನ್ನು ದುಪ್ಪಟ್ಟು ಮಾಡಿ 8 ಮಿಲಿಮೀಟರ್‌ಗೆ ಏರಿಸಿದರೂ ಒಟ್ಟು ತಡೆ 0.178 ಆಗುತ್ತದೆ, ಅಷ್ಟೇ. ದಪ್ಪ ಗಾಜು ಹಾಕಿಸಿದರೆ ಬೆಚ್ಚಗಿರುತ್ತದೆ ಎನ್ನುವ ನಂಬಿಕೆಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಹಾಗಾದರೆ ಮಾಡಬೇಕಾದ್ದೇನು ಎನ್ನುವುದೂ ಇದೇ ಲೆಕ್ಕದಲ್ಲಿದೆ. ಮೈಗಂಟಿದ ಪೊರೆಯಷ್ಟು ಗಾಳಿಯೇ ಇಷ್ಟು ಕೆಲಸ ಮಾಡುವುದಾದರೆ, ಎರಡು ಪದರಗಳ ನಡುವೆ ಗಾಳಿಯನ್ನು ಸೆರೆಹಿಡಿದರೆ ಇನ್ನೆಷ್ಟು ಮಾಡಬಹುದು! ಹನ್ನೆರಡರಿಂದ ಹದಿನಾರು ಮಿಲಿಮೀಟರ್ ಅಂತರ ಇದಕ್ಕೆ ಸರಿಯಾದ ಅಳತೆ. ಅದಕ್ಕಿಂತ ತೀರಾ ಅಗಲವಾದರೆ ನಡುವಿನ ಗಾಳಿ ತಾನೇ ಸುತ್ತತೊಡಗುತ್ತದೆ. ನಷ್ಟವೇನೂ ಆಗದು, ಲಾಭ ಮಾತ್ರ ಹೆಚ್ಚುವುದಿಲ್ಲ. ಇಂಥದೊಂದು ಎರಡನೆಯ ಪದರ ಸೇರಿದರೆ ಕಿಟಕಿಯಿಂದ ಸೋರುವ ಶಾಖ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಚದರ ಮೀಟರಿಗೆ, ಒಳಹೊರಗಿನ ಒಂದು ಡಿಗ್ರಿ ವ್ಯತ್ಯಾಸಕ್ಕೆ 5.7 ವ್ಯಾಟ್ ಇದ್ದದ್ದು 2.8ರ ಆಸುಪಾಸಿಗೆ ಬರುತ್ತದೆ. ಅಮೆರಿಕದ ನಡುನಾಡಿನವರಿಗೆ ಇದು ಹೊಸ ಸಂಗತಿಯೂ ಅಲ್ಲ. ಷಿಕಾಗೊ ನಗರದಲ್ಲಿ 1910ರಿಂದ 1940ರೊಳಗೆ ಕಟ್ಟಿದ ಇಟ್ಟಿಗೆಯ ಬಂಗಲೆಗಳು ಎಂಬತ್ತು ಸಾವಿರದಷ್ಟಿವೆ. ಅಂಥ ಹಳೆಯ ಮನೆಗಳಲ್ಲಿ ಚಳಿಗಾಲ ಬರುವ ಮುಂಚೆ ಪ್ರತಿ ಕಿಟಕಿಯ ಹೊರಗೂ ಮರದ ಚೌಕಟ್ಟಿನ ಇನ್ನೊಂದು ಗಾಜನ್ನು ತೂಗುಹಾಕಿ, ವಸಂತದಲ್ಲಿ ಅದನ್ನು ಇಳಿಸಿ ಸೊಳ್ಳೆಪರದೆ ಏರಿಸುವ ರೂಢಿಯಿತ್ತು. ಯಾವುದು ಯಾವ ಕಿಟಕಿಯದೆಂದು ಅದಲುಬದಲಾಗದಿರಲೆಂದು ಚೌಕಟ್ಟಿನ ಅಂಚಿಗೆ ಅಂಕಿಯೊತ್ತಿದ ಪುಟ್ಟ ಮೊಳೆ ಬಡಿದಿರುತ್ತಿದ್ದರು. ಕೆಲವು ಮನೆಗಳ ಅಟ್ಟದಲ್ಲಿ ಈಗಲೂ ಅವು ಸಿಗುತ್ತವೆ. ಸ್ಟಾರ್ಮ್ ವಿಂಡೋ ಎಂದು ಇವತ್ತು ಅಲ್ಯೂಮಿನಿಯಂನಲ್ಲಿ ಮಾರುವುದು ಇದರ ಮೊಮ್ಮಗ.

ಈ ಎರಡನೆಯ ಪದರಕ್ಕಿಂತ ಮೊದಲು ಆಗಬೇಕಾದದ್ದು ಸಂದಿಗಳ ಕೆಲಸ. ಮೇಲೊಂದು ಕೆಳಗೊಂದು ಚೌಕಟ್ಟು ಜಾರುವ ಮಾದರಿಯ ಕಿಟಕಿ ಅಲ್ಲಿ ಸಾಮಾನ್ಯ. ಮೂರಡಿ ಅಗಲ, ಐದಡಿ ಎತ್ತರದ ಇಂಥ ಒಂದು ಕಿಟಕಿಯ ನಾಲ್ಕು ಅಂಚು ಮತ್ತು ನಡುವೆ ಎರಡು ಚೌಕಟ್ಟು ಕೂಡುವ ಪಟ್ಟಿ ಸೇರಿದರೆ ಸಂದಿಯ ಉದ್ದ ಸುಮಾರು 5.8 ಮೀಟರ್. ಅಷ್ಟುದ್ದಕ್ಕೂ ಒಂದೇ ಒಂದು ಮಿಲಿಮೀಟರ್ ಸಡಿಲವಿದ್ದರೂ ಒಟ್ಟು 58 ಚದರ ಸೆಂಟಿಮೀಟರ್ ಆಯಿತು. ಗೋಡೆಯಲ್ಲಿ ಅಂಗೈ ತೂರುವಷ್ಟು ಕಿಂಡಿ ಕೊರೆದು ಚಳಿಗಾಲವಿಡೀ ತೆರೆದಿಟ್ಟ ಹಾಗೆ. ಅದರ ಮೇಲೆ ಮನೆಯೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ಬಿಸಿ ಗಾಳಿ ಹಗುರ, ಅದು ಮೇಲೇರಿ ಮಹಡಿಯ ಸಂದುಗಳಿಂದ ಹೊರಬೀಳುತ್ತಿದ್ದಂತೆ ಕೆಳಮನೆಯ ಸಂದುಗಳಿಂದ ಅಷ್ಟೇ ತಣ್ಣನೆಯ ಗಾಳಿ ಒಳಬರುತ್ತದೆ. ಹೊರಗೆ ಒಂದೆಲೆ ಅಲುಗದಿದ್ದರೂ ಇದು ನಡೆದೇ ಇರುತ್ತದೆ, ಚಳಿ ಹೆಚ್ಚಿದಷ್ಟೂ ಜೋರಾಗುತ್ತದೆ. ಕೆಳಗಿನ ಕೋಣೆಯಲ್ಲಿ ಕಾಲಿಗೆ ಚಳಿ ಹೊಡೆಯುವುದು, ಮಹಡಿಯ ಕಿಟಕಿಯ ಹೊರಗಾಜಿನಲ್ಲಿ ಮಂಜುಗಟ್ಟುವುದು ಎರಡು ಬೇರೆ ಬೇರೆ ದೂರುಗಳಾಗಿ ಕಂಡರೂ ಮೂಲ ಒಂದೇ.

ಸೋರುವ ಜಾಗ ಹುಡುಕಲು ಉಪಕರಣ ಬೇಕಿಲ್ಲ. ದೇವರ ಮನೆಯ ಊದುಬತ್ತಿ ಸಾಕು. ಗಾಳಿ ಬೀಸುತ್ತಿರುವ ದಿನ ಒಂದು ಕಡ್ಡಿ ಹಚ್ಚಿ ಅಡುಗೆಮನೆ, ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಹಾಕಿ, ಪರದೆಗಳನ್ನು ಸರಿಸಿ, ಕಿಟಕಿಯ ಅಂಚಿನಗುಂಟ ನಿಧಾನವಾಗಿ ಹಿಡಿದು ಹೋದರೆ ಹೊಗೆ ನೆಟ್ಟಗೇರುವುದನ್ನು ಬಿಟ್ಟು ಎಲ್ಲಿ ಅಡ್ಡಡ್ಡ ಓಡುತ್ತದೋ ಅಲ್ಲಿ ಸಂದಿಯಿದೆ. ಅಮೆರಿಕದ ಇಂಧನ ಇಲಾಖೆಯೇ ಸೂಚಿಸುವ ವಿಧಾನವಿದು. ಇನ್ನು ಮುಚ್ಚುವುದು. ಮೊದಲನೆಯದಾಗಿ ಚಿಲಕ. ನಡುಪಟ್ಟಿಯ ಮೇಲಿರುವ ಆ ಅರ್ಧಚಂದ್ರದಂಥ ಚಿಲಕ ಕಳ್ಳರಿಗಷ್ಟೇ ಅಲ್ಲ. ಅದನ್ನು ತಿರುಗಿಸಿದಾಗ ಎರಡು ಚೌಕಟ್ಟುಗಳು ಒಂದಕ್ಕೊಂದು ಎಳೆದುಕೊಂಡು ಬಿಗಿಯುತ್ತವೆ. ಹಳೆಯ ಮನೆಗಳಲ್ಲಿ ಮೇಲಿನ ಚೌಕಟ್ಟು ವರ್ಷಗಳಿಂದ ಒಂದರ್ಧ ಬೆರಳು ಕೆಳಗೆ ಜಾರಿ, ಬಣ್ಣ ಬಳಿದು ಅಲ್ಲೇ ಕಚ್ಚಿಕೊಂಡಿರುತ್ತದೆ, ಚಿಲಕ ಕೂರುವುದೇ ಇಲ್ಲ. ಅದನ್ನು ಬಿಡಿಸಿ ಮೇಲಕ್ಕೇರಿಸಿ ಚಿಲಕ ಬೀಳುವಂತೆ ಮಾಡಿದರೆ ಅರ್ಧ ಕೆಲಸ ಕಾಸಿಲ್ಲದೆ ಮುಗಿಯಿತು. ಅಲುಗಾಡದ ಕಡೆಗೆ, ಎಂದರೆ ಗೋಡೆಗೂ ಮರದ ಪಟ್ಟಿಗೂ ನಡುವಿನ ಬಿರುಕಿಗೆ, ಕಾಲ್ಕ್ ಎಂಬ ಮೇಣದಂಥ ಅಂಟು. ಜಾರುವ ಕಡೆಗೆ ಫೋಮ್ ಟೇಪು ಅಥವಾ ಅದಕ್ಕಿಂತ ಬಾಳಿಕೆ ಬರುವ, ಉದ್ದಕ್ಕೆ ಮಡಿಚಿದ ಪ್ಲಾಸ್ಟಿಕ್ ಪಟ್ಟಿ. ಇವೆರಡನ್ನು ಅದಲುಬದಲು ಮಾಡಿ ಜಾರುವ ಚೌಕಟ್ಟಿಗೆ ಕಾಲ್ಕ್ ಹಾಕಿಬಿಟ್ಟರೆ ಮೇ ತಿಂಗಳಲ್ಲಿ ಕಿಟಕಿ ತೆರೆಯಲು ಉಳಿಯನ್ನೇ ಹುಡುಕಬೇಕಾದೀತು.

ಸ್ಟಾರ್ಮ್ ವಿಂಡೋ ಇಲ್ಲದವರಿಗೆ, ಬಾಡಿಗೆ ಮನೆಯಲ್ಲಿರುವವರಿಗೆ, ಎರಡನೆಯ ಪದರವಾಗಿ ಪ್ಲಾಸ್ಟಿಕ್ ಹಾಳೆಯಿದೆ. ಕಿಟಕಿಯ ಮರದ ಅಂಚನ್ನು ಒರೆಸಿ ಒಣಗಿಸಿ, ಸುತ್ತ ಎರಡು ಬದಿಯ ಅಂಟುಪಟ್ಟಿ ಒತ್ತಿ, ಹಾಳೆಯನ್ನು ಮೇಲಿನಿಂದ ಕೆಳಗೆ ಅಂಟಿಸಿ, ಕೂದಲು ಒಣಗಿಸುವ ಡ್ರೈಯರ್‌ನಿಂದ ಮೂಲೆಗಳಿಂದ ನಡುವಿಗೆ ಬಿಸಿ ಗಾಳಿ ಹಾಯಿಸುತ್ತ ಬಂದರೆ ಸುಕ್ಕೆಲ್ಲ ಸರಿದು ಹಾಳೆ ತಮಟೆಯ ಚರ್ಮದಂತೆ ಬಿಗಿಯುತ್ತದೆ. ಅಂಟು ಒಂದು ಬೆರಳಷ್ಟು ಜಾಗದಲ್ಲಿ ಬಿಟ್ಟಿದ್ದರೂ ಗಾಳಿ ಬೀಸಿದಾಗ ಹಾಳೆ ಉಬ್ಬಿ ತಾನೇ ತೋರಿಸಿಕೊಡುತ್ತದೆ. ನೋಡಲು ಚೆಂದವಲ್ಲ ಎನ್ನುವ ಆಕ್ಷೇಪ ನಿಜ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಹತ್ತಿಪ್ಪತ್ತು ಡಾಲರಿನ ಪೊಟ್ಟಣದಲ್ಲಿ ಕೆಲವು ಕಿಟಕಿಗಳು ಮುಗಿಯುತ್ತವೆ, ಏಪ್ರಿಲ್‌ನಲ್ಲಿ ಕಿತ್ತೆಸೆಯಬಹುದು ಎನ್ನುವುದಷ್ಟೇ ಅದರ ಪರವಾದ ಮಾತು.

ಇಲ್ಲಿಗೆ ಕಿಟಕಿ ಕಂಪನಿಯವರ ಮುಖ್ಯ ವಾದವನ್ನು ಎದುರಿಸಬೇಕು. ಇದೆಲ್ಲ ತೇಪೆ ಹಾಕುವ ಕೆಲಸ, ಆರ್ಗಾನ್ ತುಂಬಿದ, ಶಾಖವನ್ನು ಒಳಕ್ಕೇ ಹಿಂದಿರುಗಿಸುವ ಲೇಪವಿರುವ ಹೊಸ ಕಿಟಕಿ ಎಷ್ಟೋ ಮೇಲು, ಒಮ್ಮೆ ಖರ್ಚು ಮಾಡಿದರೆ ಆಯಿತು ಎನ್ನುತ್ತಾರೆ. ಮೇಲು ಹೌದು. ಪ್ರಶ್ನೆಯಿರುವುದು ಎಷ್ಟು ಮೇಲು, ಎಷ್ಟು ದುಡ್ಡಿಗೆ ಎನ್ನುವುದು. ಮೇಲೆ ಹೇಳಿದ ಅದೇ ಮೂರಡಿ ಐದಡಿ ಕಿಟಕಿಯನ್ನೇ ತೆಗೆದುಕೊಳ್ಳೋಣ. ಷಿಕಾಗೊದ ಒಂದು ಚಳಿಗಾಲದಲ್ಲಿ ಒಂಟಿ ಗಾಜಿನ ಮೂಲಕ ಸುಮಾರು 670 ಯೂನಿಟ್ ಶಾಖ ಹೊರಹೋಗುತ್ತದೆ. ಸ್ಟಾರ್ಮ್ ವಿಂಡೋ ಸೇರಿಸಿದರೆ 330ಕ್ಕೆ ಇಳಿಯುತ್ತದೆ. ಅದರ ಬದಲು ಒಳ್ಳೆಯ ಹೊಸ ಕಿಟಕಿ ಕೂರಿಸಿದರೆ 175ರ ಹತ್ತಿರ ಬರುತ್ತದೆ. ಎಂದರೆ ಮೊದಲ ಹೆಜ್ಜೆಯ ಉಳಿತಾಯ 340 ಯೂನಿಟ್, ಅದರಾಚೆಗಿನ ದುಬಾರಿ ಹೆಜ್ಜೆಯದು 155. ಫರ್ನೇಸಿನಲ್ಲಿ ಪೋಲಾಗುವುದನ್ನೂ ಸೇರಿಸಿ ಗ್ಯಾಸ್ ಬಿಲ್ಲಿನ ಅಳತೆಯಾದ ಥರ್ಮಿನ ಲೆಕ್ಕಕ್ಕೆ ತಂದರೆ ಮೊದಲನೆಯದು ವರ್ಷಕ್ಕೆ 14 ಥರ್ಮ್, ಎರಡನೆಯದು 6. ಥರ್ಮಿಗೆ ಒಂದು ಡಾಲರ್ ಎಂದಿಟ್ಟುಕೊಂಡರೆ ಆ ಎರಡನೆಯ ಹೆಜ್ಜೆಯಿಂದ ಕಿಟಕಿಯೊಂದಕ್ಕೆ ವರ್ಷಕ್ಕೆ ಉಳಿಯುವುದು ಆರು ಡಾಲರ್. ಹೊಸ ಕಿಟಕಿ ಕೂರಿಸಲು ಎಂಟುನೂರು ಡಾಲರ್ ಆಯಿತೆನ್ನಿ. ಅಸಲು ಹುಟ್ಟಲು ನೂರಮೂವತ್ತು ವರ್ಷ ಬೇಕು. ಗ್ಯಾಸಿನ ಬೆಲೆ ದುಪ್ಪಟ್ಟಾಯಿತು ಎಂದುಕೊಂಡರೂ ಅರವತ್ತೈದು. ಅಷ್ಟರಲ್ಲಿ ಜೋಡಿ ಗಾಜಿನ ನಡುವಿನ ಸೀಲು ಬಿಟ್ಟು, ಒಳಗೆ ಒರೆಸಲಾಗದ ಮಂಜು ಕೂತು, ಆ ಗಾಜನ್ನೇ ಒಂದೆರಡು ಸಲ ಬದಲಿಸಬೇಕಾಗಿ ಬಂದಿರುತ್ತದೆ. ಕಿಟಕಿ ಬದಲಿಸುವವರಿಗೆ ಸಿಗುತ್ತಿದ್ದ ಅಮೆರಿಕದ ಕೇಂದ್ರ ಸರ್ಕಾರದ ತೆರಿಗೆ ರಿಯಾಯಿತಿಯೂ 2025ರ ಕೊನೆಗೆ ಮುಗಿದಿರುವುದರಿಂದ ಈ ಲೆಕ್ಕ ಇನ್ನಷ್ಟು ಬಿಗಿಯಾಗಿದೆ.

ಲೆಕ್ಕ ಕಾಗದದ ಮೇಲಿನದಲ್ಲವೇ ಎಂದು ಕೇಳಬಹುದು. ಅಳೆದು ನೋಡಿದವರೂ ಇದ್ದಾರೆ. ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುತ್ತಿದ್ದ ಹಿಸ್ಟಾರಿಕ್ ಸ್ಕಾಟ್‌ಲ್ಯಾಂಡ್ ಸಂಸ್ಥೆಗಾಗಿ ಗ್ಲಾಸ್ಗೊ ಕೆಲಡೋನಿಯನ್ ವಿಶ್ವವಿದ್ಯಾಲಯ ನಡೆಸಿ 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂಟಿ ಗಾಜಿನ ಹಳೆಯ ಮರದ ಕಿಟಕಿಗೆ ಒಂದೊಂದೇ ಹೊದಿಕೆ ಹಾಕಿ ಶಾಖನಷ್ಟವನ್ನು ಅಳೆದರು. ದಪ್ಪ ಪರದೆ ಎಳೆದಾಗ ನಷ್ಟ ಶೇ 14ರಷ್ಟು ತಗ್ಗಿತು. ಮರದ ಒಳಗದಗಳನ್ನು ಮುಚ್ಚಿದಾಗ ಶೇ 51. ಒಳಬದಿಗೆ ಇನ್ನೊಂದು ಗಾಜು ಜೋಡಿಸಿದಾಗ ಶೇ 63. ಅಮೆರಿಕದ ನ್ಯಾಷನಲ್ ಟ್ರಸ್ಟ್ ಫಾರ್ ಹಿಸ್ಟಾರಿಕ್ ಪ್ರಿಸರ್ವೇಷನ್ 2012ರಲ್ಲಿ ಹೊರತಂದ ವರದಿಯೂ ಷಿಕಾಗೊ ಸೇರಿದಂತೆ ಹಲವು ಊರುಗಳ ಹವೆಯನ್ನು ಇಟ್ಟುಕೊಂಡು ಹೋಲಿಸಿ, ಹಳೆಯ ಕಿಟಕಿಯನ್ನು ಸುಧಾರಿಸಿಕೊಂಡರೆ ಹೊಸದರ ಹತ್ತಿರಹತ್ತಿರದ ಫಲ ಅದಕ್ಕಿಂತ ಎಷ್ಟೋ ಕಡಿಮೆ ಖರ್ಚಿನಲ್ಲಿ ಸಿಗುತ್ತದೆಂಬ ತೀರ್ಮಾನಕ್ಕೆ ಬಂತು. ಹಳೆಯದನ್ನು ಉಳಿಸಿಕೊಳ್ಳಬೇಕೆಂಬ ಆಸಕ್ತಿ ಈ ಎರಡೂ ಸಂಸ್ಥೆಗಳಿಗೆ ಇರುವುದು ಹೌದು. ಆದರೆ ಕರಪತ್ರ ಅಚ್ಚು ಹಾಕಿಸಿದವರ ಆಸಕ್ತಿಗಿಂತ ಅದು ಹೆಚ್ಚಿನದೇನಲ್ಲ.

ಪರದೆಗೆ ಬರೀ ಹದಿನಾಲ್ಕು ಬಂದದ್ದಕ್ಕೆ ಕಾರಣ ಅದರ ಬಟ್ಟೆಯಲ್ಲ, ಅದರ ಅಂಚು. ಮೇಲೂ ಕೆಳಗೂ ತೆರೆದಿರುವ ಪರದೆಯ ಹಿಂದೆ ಬಿಸಿ ಗಾಳಿ ಮೇಲಿನಿಂದ ಇಳಿದು, ಗಾಜಿಗೆ ತಾಕಿ ತಣ್ಣಗಾಗಿ, ಕೆಳಗಿನಿಂದ ನೆಲದ ಮೇಲೆ ಹರಿಯುತ್ತದೆ. ಅಮೆರಿಕದ ಮನೆಗಳಲ್ಲಿ ಫರ್ನೇಸಿನ ಬಿಸಿ ಗಾಳಿ ಬರುವ ಜಾಲರಿ ಬಹುಮಟ್ಟಿಗೆ ಕಿಟಕಿಯ ಕೆಳಗೇ ನೆಲದಲ್ಲಿರುತ್ತದೆ. ನೆಲ ಮುಟ್ಟುವ ಚೆಂದದ ಪರದೆ ಆ ಜಾಲರಿಯ ಮೇಲೆ ಬಿದ್ದಿತೆಂದರೆ ಕಾಸು ಕೊಟ್ಟು ಕಾಯಿಸಿದ ಗಾಳಿಯೆಲ್ಲ ನೇರವಾಗಿ ಗಾಜಿಗೆ ಹೋಗುತ್ತದೆ. ಪರದೆ ಕಿಟಕಿಯ ಹಲಗೆಗೆ ನಿಲ್ಲಬೇಕು, ರಾತ್ರಿ ಎಳೆದಿರಬೇಕು, ದಕ್ಷಿಣದ ಕಿಟಕಿಯದನ್ನು ಹಗಲು ತೆರೆದಿಡಬೇಕು. ಡಿಸೆಂಬರ್ ನಡುಹಗಲಲ್ಲೂ ಷಿಕಾಗೊದಲ್ಲಿ ಸೂರ್ಯ ದಿಗಂತದಿಂದ 25 ಡಿಗ್ರಿಯಷ್ಟೇ ಏರುವುದರಿಂದ ಬಿಸಿಲು ಕೋಣೆಯ ಆಳಕ್ಕೆ ಬರುತ್ತದೆ.

ಇನ್ನೊಂದು ದೂರು ನಮ್ಮ ಮನೆಗಳಲ್ಲಿ ಹೆಚ್ಚು: ಗಾಜು ಬೆವರುತ್ತದೆ, ಹಲಗೆಯ ಮೇಲೆ ನೀರು ನಿಲ್ಲುತ್ತದೆ, ಮೂಲೆಯಲ್ಲಿ ಕಪ್ಪು ಬೂಸು ಹಿಡಿಯುತ್ತದೆ. ಕಿಟಕಿ ಕೆಟ್ಟಿದೆ ಎನ್ನುವುದಕ್ಕೆ ಇದೇ ಸಾಕ್ಷಿ ಎನ್ನುತ್ತಾನೆ ಮಾರುವವನು. ಕೋಣೆಯಲ್ಲಿ 20 ಡಿಗ್ರಿ ಬಿಸಿ, ಶೇ 50 ತೇವಾಂಶ ಇದ್ದರೆ 9 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಯ ಮೇಲಾದರೂ ನೀರು ಕೂರುತ್ತದೆ. ಹೊರಗೆ ಮೈನಸ್ 10 ಇದ್ದಾಗ ಒಂಟಿ ಗಾಜಿನ ಒಳಮೈ ಮೈನಸ್ 2ಕ್ಕೆ ಇಳಿದಿರುತ್ತದೆ. ಬೆವರುವುದಿರಲಿ, ಹಿಮವೇ ಕಟ್ಟುತ್ತದೆ. ಎರಡನೆಯ ಪದರ ಸೇರಿದರೆ 9ರ ಹತ್ತಿರಕ್ಕೆ ಬಂದು ಅಂಚಿನಲ್ಲಿ ನಿಲ್ಲುತ್ತದೆ. ಅಲ್ಲಿಂದಾಚೆಗೆ ಕೆಲಸ ಮಾಡುವುದು ತೇವಾಂಶ ತಗ್ಗಿಸುವುದು. ಅದು ಶೇ 40ಕ್ಕೆ ಇಳಿದರೆ ನೀರು ಕೂರುವ ಮಟ್ಟ 6 ಡಿಗ್ರಿಗೆ ಇಳಿಯುತ್ತದೆ, ಗಾಜು ಒಣಗಿರುತ್ತದೆ. ಅನ್ನ, ಸಾರು, ಇಡ್ಲಿ ಎಂದು ದಿನವೂ ಹಬೆಯಾಡುವ ಅಡುಗೆಮನೆಯಲ್ಲಿ ಒಲೆಯ ಮೇಲಿನ ಫ್ಯಾನ್ ಹಾಕುವುದು, ಅದು ಗಾಳಿಯನ್ನು ಸೋಸಿ ಒಳಕ್ಕೇ ಬಿಡುವ ಜಾತಿಯದಲ್ಲದೆ ಹೊರಕ್ಕೆ ತಳ್ಳುವಂಥದೇ ಎಂದು ನೋಡಿಕೊಳ್ಳುವುದು, ಒದ್ದೆ ಬಟ್ಟೆಯನ್ನು ಕೋಣೆಯಲ್ಲಿ ಹರವದಿರುವುದು ಹೊಸ ಕಿಟಕಿಗಿಂತ ಮೊದಲ ಮದ್ದು. ಇದರೊಡನೆ ಒಂದು ಎಚ್ಚರ. ಸ್ಟಾರ್ಮ್ ವಿಂಡೋದ ಕೆಳಪಟ್ಟಿಯಲ್ಲಿ ಒಂದೆರಡು ಸಣ್ಣ ತೂತುಗಳಿರುತ್ತವೆ. ಸಂದಿ ಮುಚ್ಚುವ ಉತ್ಸಾಹದಲ್ಲಿ ಅವನ್ನೂ ಮೆತ್ತಿಬಿಡುವವರಿದ್ದಾರೆ. ನಡುವೆ ಸೇರಿದ ತೇವ, ಮಳೆನೀರು ಹೊರಹೋಗುವ ದಾರಿ ಅದು. ಮುಚ್ಚಿದರೆ ಕೆಳಗಿನ ಮರ ಕೊಳೆಯುತ್ತದೆ. ಒಳಪದರ ಬಿಗಿ, ಹೊರಪದರ ಒಂಚೂರು ಸಡಿಲ, ಇದು ಈ ಕಸುಬಿನ ನಿಯಮ.

ಹೀಗೆ ಎಲ್ಲ ಮುಚ್ಚಿ ಕೂತರೆ ಉಸಿರುಗಟ್ಟುವುದಿಲ್ಲವೇ ಎನ್ನುವ ಪ್ರಶ್ನೆ ಎಲ್ಲಕ್ಕಿಂತ ಗಂಭೀರವಾದದ್ದು. ಅದಕ್ಕೆ ಇತಿಹಾಸದ ಬಲವೂ ಇದೆ. 1918ರ ಇನ್‌ಫ್ಲುಯೆಂಜಾ ಹಾವಳಿಯ ಕಾಲಕ್ಕೆ ಚಳಿಗಾಲದಲ್ಲೂ ಕಿಟಕಿ ತೆರೆದಿರಬೇಕೆಂಬ ಆರೋಗ್ಯ ಪ್ರಚಾರ ಅಮೆರಿಕದಲ್ಲಿ ಜೋರಾಗಿತ್ತು. ಹಳೆಯ ಅಪಾರ್ಟ್‌ಮೆಂಟುಗಳ ಹಬೆಯ ರೇಡಿಯೇಟರುಗಳು ಕೋಣೆಗೆ ಅಗತ್ಯಕ್ಕಿಂತ ದೊಡ್ಡವಾಗಿ ಕಾಣುವುದಕ್ಕೆ, ಕಿಟಕಿ ತೆರೆದಿದ್ದರೂ ಬೆಚ್ಚಗಿರಲೆಂಬ ಅಂದಿನ ಆ ಲೆಕ್ಕಾಚಾರವೂ ಒಂದು ಕಾರಣ. ಒಳಗಾಳಿ ಹೊಸದಾಗುತ್ತಿರಬೇಕು ಎನ್ನುವುದರಲ್ಲಿ ತಕರಾರಿಲ್ಲ. ಆದರೆ ಸಂದಿಯಿಂದ ಬರುವ ಗಾಳಿ ನಮ್ಮ ಅಗತ್ಯ ನೋಡಿಕೊಂಡು ಬರುವುದಿಲ್ಲ. ಹೊರಗೆ ಮೈನಸ್ 20 ಇದ್ದಾಗ ಬೇಡವೆಂದರೂ ನುಗ್ಗುತ್ತದೆ, ಏಪ್ರಿಲ್‌ನಲ್ಲಿ ಬೇಕೆಂದಾಗ ನಿಂತಿರುತ್ತದೆ. ಸಂದಿ ಮುಚ್ಚಿ, ಬಚ್ಚಲು ಮತ್ತು ಅಡುಗೆಮನೆಯ ಫ್ಯಾನನ್ನು ಬೇಕಾದಷ್ಟು ಹೊತ್ತು ಓಡಿಸಿದರೆ ಗಾಳಿಯ ಲಗಾಮು ನಮ್ಮ ಕೈಯಲ್ಲಿರುತ್ತದೆ. ಗ್ಯಾಸ್ ಫರ್ನೇಸ್, ಗ್ಯಾಸಿನ ನೀರೊಲೆ ಇರುವ ಮನೆಯಲ್ಲಿ ಮಾತ್ರ ಇದು ಅಷ್ಟಕ್ಕೇ ಮುಗಿಯುವ ಮಾತಲ್ಲ. ಮನೆ ಬಿಗಿಯಾದಂತೆ ಫ್ಯಾನಿನ ಸೆಳೆತಕ್ಕೆ ಹೊಗೆಕೊಳವೆಯ ಹೊಗೆ ಹಿಂದಕ್ಕೆ ಬರುವ ಅಪಾಯವುಂಟು, ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರಬಹುದು. ಮಲಗುವ ಕೋಣೆಯಿಂದ 15 ಅಡಿಯೊಳಗೆ ಅದರ ಅಲಾರಂ ಇರಬೇಕೆಂದು ಇಲಿನಾಯ್ ರಾಜ್ಯದಲ್ಲಿ 2007ರಿಂದ ಕಾನೂನೇ ಇದೆ. ಸಂದಿ ಮುಚ್ಚುವ ದಿನವೇ ಅದರ ಗುಂಡಿಯನ್ನು ಒತ್ತಿ ನೋಡುವುದು, ವರ್ಷಕ್ಕೊಮ್ಮೆ ಫರ್ನೇಸ್ ತಪಾಸಣೆ ಮಾಡಿಸುವುದು ಈ ಕೆಲಸದ ಭಾಗವೇ.

ಹಾಗೆಂದು ಕಿಟಕಿಯನ್ನು ಎಂದೂ ಬದಲಿಸಬಾರದೆಂದಲ್ಲ. ಚೌಕಟ್ಟಿನ ಮರ ಬೆರಳಿಟ್ಟರೆ ಒಳಹೋಗುವಷ್ಟು ಲಡ್ಡಾಗಿದ್ದರೆ, ತೆರೆಯಲು ಮುಚ್ಚಲು ಬಾರದೆ ಹೋಗಿದ್ದರೆ, ಗೋಡೆಯನ್ನೇ ಒಡೆದು ಮನೆ ನವೀಕರಿಸುತ್ತಿದ್ದರೆ ಹೊಸದು ಹಾಕಿಸುವುದೇ ಜಾಣತನ. ಆಗ ಇರುವುದರಲ್ಲಿ ಒಳ್ಳೆಯದನ್ನೇ ಹಾಕಿಸಬೇಕು. ದೊಡ್ಡ ಗಾಜಿನ ಪಕ್ಕದಲ್ಲೇ ಕೂತು ದಿನವಿಡೀ ಕೆಲಸ ಮಾಡುವವರಿಗೂ ಅದು ಬೇಕೆನಿಸೀತು, ಏಕೆಂದರೆ ಸೋರಿಕೆಯೇ ಇಲ್ಲದ ಕಿಟಕಿಯೂ ತಣ್ಣಗಿದ್ದರೆ ನಮ್ಮ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಕೋಣೆಯಲ್ಲಿ 20 ಡಿಗ್ರಿ ಇದ್ದರೂ ಒಂದು ಭುಜಕ್ಕೆ ಚಳಿ. ಆ ಸುಖಕ್ಕೆ ದುಡ್ಡು ಕೊಡಬಹುದು, ಉಳಿತಾಯ ಎಂದು ಕೊಡಬಾರದು. ಬಾಡಿಗೆದಾರರಿಗಂತೂ ಈ ಚರ್ಚೆಯೇ ಬೇಕಿಲ್ಲ. ಷಿಕಾಗೊ ನಗರದ ಕಟ್ಟಳೆಯಂತೆ ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಬಿಸಿಯ ಹೊಣೆ ಮಾಲೀಕರ ಮೇಲಿರುವ ಮನೆಗಳಲ್ಲಿ ಹಗಲು 68, ರಾತ್ರಿ 66 ಫ್ಯಾರನ್‌ಹೀಟ್ ಇರಲೇಬೇಕು. ಅಷ್ಟು ಬಿಸಿ ಬರುತ್ತಿಲ್ಲವಾದರೆ ಹಾಳೆ ಅಂಟಿಸುತ್ತ ಕೂರುವ ಬದಲು ನಗರಾಡಳಿತದ 311ಕ್ಕೆ ಕರೆ ಮಾಡುವುದು ಸರಿಯಾದ ದಾರಿ.

ಕೆಲಸ ಹಿಡಿಯುವ ಮುನ್ನ ಗಮನಿಸಬೇಕಾದ ಮೂರು ಸಂಗತಿಗಳು ಉಳಿದಿವೆ. ಅಮೆರಿಕದಲ್ಲಿ ಮನೆಬಣ್ಣದಲ್ಲಿ ಸೀಸ ಬಳಸುವುದನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕಿಂತ ಹಳೆಯ ಮನೆಯಲ್ಲಿ ಕಚ್ಚಿಕೊಂಡ ಚೌಕಟ್ಟನ್ನು ಬಿಡಿಸುವಾಗ ಒಣಬಣ್ಣವನ್ನು ಕೆರೆದು ದೂಳೆಬ್ಬಿಸಬಾರದು, ಚಿಕ್ಕ ಮಕ್ಕಳಿದ್ದರೆ ಆ ಕೆಲಸವನ್ನು ತರಬೇತಾದವರಿಗೇ ಬಿಡಬೇಕು. ಮಲಗುವ ಕೋಣೆಯಲ್ಲಿ ಬೆಂಕಿ ಬಿದ್ದಾಗ ಹಾರಿ ಪಾರಾಗಬೇಕಾದ ಕಿಟಕಿಗೆ ಹಾಳೆ ಅಂಟಿಸಿದರೂ ಒಂದೇಟಿಗೆ ಹರಿದು ತೆರೆಯುವಂತಿರಬೇಕು, ಅದಕ್ಕೆ ಮೊಳೆ ಕೂಡದು, ಕಾಲ್ಕೂ ಕೂಡದು. ಕೊನೆಯದಾಗಿ, ನೀರಿನಲ್ಲಿ ತೊಳೆಯಬಹುದಾದ ಸಾಮಾನ್ಯ ಕಾಲ್ಕ್ ಹೊರಗಿನ ಹವೆ ಸುಮಾರು 5 ಡಿಗ್ರಿಗಿಂತ ಕೆಳಗಿಳಿದರೆ ಸರಿಯಾಗಿ ಹಿಡಿಯುವುದಿಲ್ಲ. ಹೊರಬದಿಯ ಕೆಲಸವನ್ನು ಅಕ್ಟೋಬರ್‌ನ ಬಿಸಿಲಿರುವಾಗಲೇ ಮುಗಿಸಿಕೊಂಡು, ಒಳಬದಿಯ ಟೇಪು ಹಾಳೆಗಳನ್ನು ನವೆಂಬರಿಗೆ ಇಟ್ಟುಕೊಳ್ಳಬಹುದು.